ನಾನು ಕೊಟ್ಟ ಬಿಳಿ ಕುದುರೆ

ಸಿದ್ದವ್ವ ಆಡಿದ ಮಾತನ್ನು ನಾನು ಬದಲಿಸಿ ಹೇಳಿದೆ. ಅದಕ್ಕೇ ಅವಳು ಇವತ್ತಿಗೂ ದಿಬ್ಬದ ಮೇಲಿನ ತಗಡಿನ ಶೆಡ್ಡಿನಲ್ಲಿದ್ದಾಳೆ. ಇಷ್ಟು ಬರೆಯಲು ನನಗೆ ವರ್ಷಗಳೇ ಹಿಡಿದವು — ಉಳಿದದ್ದೆಲ್ಲ ಇದರ ವಿವರ, ಅದೂ ನಾಚಿಕೆಯ ವಿವರ.

ನಾನು ಅಫಜಲಪುರ–ಜೇವರ್ಗಿ ದಾರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಓದು ಹೈಸ್ಕೂಲಿಗೇ ನಿಂತಿತು. ಆದರೆ ಗಾಣಗಾಪುರದ ಯಾತ್ರಿಕರ ದೆಸೆಯಿಂದ ಮರಾಠಿ, ಹಿಂದಿ ಎರಡೂ ಬಾಯಿಗೆ ಬಂದವು. ನಿವೃತ್ತನಾದ ಮೇಲೆ ಆ ಬಾಯಿಗೆ ಕೆಲಸವಿರಲಿಲ್ಲ.

ಭೀಮಾ ಹೊಳೆ ನಮ್ಮೂರಿನ ಕೆಳಗಿನ ಓಣಿಯನ್ನು ನುಂಗಿದ ಮೇಲೆ ದೆಹಲಿಯಿಂದ ಒಬ್ಬ ವಕೀಲೆ, ಅವರ ಜೊತೆ ಪರದೇಶದ ಒಬ್ಬ ಕಾನೂನು ಪಂಡಿತ ಬಂದರು. ಯಾರದೋ ಕಿರುಕುಳಕ್ಕೆ ಅಂಜಿ ದೇಶ ಬಿಟ್ಟವರಿಗೆ ಜಗತ್ತಿನ ಕಾನೂನಿನಲ್ಲಿ ಒಂದು ಆಸರೆ ಇದೆಯಂತೆ. ಹವಾಮಾನ ಕೆಟ್ಟು, ನೀರಿಗೋ ಬಿಸಿಲಿಗೋ ನೆಲೆ ಕಳೆದುಕೊಂಡವರಿಗೆ ಇಲ್ಲವಂತೆ. ಅವರಿಗೂ ಆಸರೆ ಬೇಕೆಂದು ವಾದಿಸಲು ಊರೂರು ತಿರುಗಿ ಹೇಳಿಕೆ ಕೂಡಿಸುತ್ತಿದ್ದರು. ಅವನ್ನೇ ಹಿಡಿದು, ನಮ್ಮವರಿಗೆ ಎತ್ತರದ ಜಾಗದಲ್ಲಿ ನಿವೇಶನ ಕೊಡಿಸಲು ಇಲ್ಲಿನ ಕೋರ್ಟಿಗೂ ಹೋಗುವವರಿದ್ದರು. ಇದನ್ನೆಲ್ಲ ವಕೀಲೆ, ದುಭಾಷಿಯೆಂದು ನನ್ನನ್ನು ಕರೆದೊಯ್ಯುವಾಗ, ಜೀಪಿನಲ್ಲೇ ತಿಳಿಸಿದ್ದರು. ಅರ್ಧ ಮಾತ್ರ ತಲೆಗೆ ಹೋಯಿತು — ಜೀಪಿನ ಮುಂದಿನ ಸೀಟಿನಲ್ಲಿ ಕೂತ ನನ್ನನ್ನು ಊರ ಜನ ನೋಡುತ್ತಿದ್ದಾರೋ ಇಲ್ಲವೋ ಎಂಬುದರ ಮೇಲೆ ನನ್ನ ಗಮನ.

ಓಣಿಯ ಜನ ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳಬೇಕು, ಅಷ್ಟೇ ಕೆಲಸ. "ನಿಮ್ಮನ್ನು ಯಾರು ಓಡಿಸಿದರು?" ಎಂದು ಎಲ್ಲರನ್ನೂ ಕೇಳುತ್ತಿದ್ದರು. "ನೀರು ಬಂತು, ಬಿಟ್ವಿ" ಎನ್ನುತ್ತಿದ್ದರು ಎಲ್ಲರೂ. ಕಡೆಗೆ ಸಿದ್ದವ್ವನ ಸರದಿ. ಗಂಡನಿಲ್ಲದವಳು, ಹೊಳೆದಂಡೆಯಲ್ಲಿ ಬದನೆಕಾಯಿ ಬೆಳೆದು ಬದುಕಿದ್ದವಳು.

"ಯಾರೂ ಓಡಿಸಿಲ್ಲರಿ," ಅಂದಳು. "ಭೀಮವ್ವ ಮನೀಗಿ ಬಂದ್ಲು. ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದೆ, ಹೋದ್ಲು. ಮರುವರ್ಷ ಮತ್ತ ಬಂದ್ಲು, ಮತ್ತ ತುಂಬಿದೆ. ಮೂರನೇ ಸಲಕ್ಕ ಉಡಿಗಿ ಹಾಕಾಕ ಖಣ ಇರಲಿಲ್ಲ. ಮನೀನೇ ಕೊಟ್ಟು ಬಂದೆ."

ಹೊಳೆ ಹೊಸ್ತಿಲಿಗೆ ಬಂದರೆ ತವರಿಗೆ ಬಂದ ಮಗಳಂತೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ರೂಢಿ. ಹೊಳೆಯ ಮೇಲೆ ಯಾರೂ ದೂರು ಹೇಳುವುದಿಲ್ಲ. ಆದರೆ ನನಗೆ ಅನ್ನಿಸಿತು — ಮನೆಯನ್ನು ತಾನಾಗಿ ದಾನ ಕೊಟ್ಟವಳಿಗೆ ಯಾವ ಕಾನೂನು ಜಾಗ ಕೊಡುತ್ತದೆ? ಕೇಸು ಗಟ್ಟಿಯಾಗಲೆಂದು, "ಒಬ್ಬ ಮನುಷ್ಯ ಓಡಿಸಿದ" ಎಂದುಬಿಟ್ಟೆ.

ಹೆಸರು ಕೇಳಿದರು. ಬಾಯಿಗೆ ಬಂದದ್ದು ನೆಲೋಗಿಯ ಶರಣಪ್ಪ — ನನ್ನ ಮಗಳ ಮಾವ, ನನ್ನ ಬೀಗ. ಮದುವೆಯ ಪಂಕ್ತಿಯಲ್ಲಿ ಎಲ್ಲರೆದುರು, "ಬೀಗರ, ಈ ಹೋಳಿಗಿ ತಿನ್ನಾಕೋ, ಚಪ್ಪಲಿ ಹೊಲಿಯಾಕೋ?" ಅಂದಿದ್ದ. ಅದು ನನ್ನ ಹೊಟ್ಟೆಯಲ್ಲಿ ಅರಗದೆ ಉಳಿದಿತ್ತು — ಮಾತು, ಹೋಳಿಗೆಯಲ್ಲ.

ಶುರುವಾದ ಮೇಲೆ ನಿಲ್ಲಲಿಲ್ಲ. ಮೊದಲು ಶರಣಪ್ಪನ ಕೈಗೆ ಕೋಲು ಕೊಟ್ಟೆ, ಆಮೇಲೆ ಹಿಂದೆ ನಾಲ್ಕು ಜನರನ್ನು, ಕಡೆಗೆ ಕುದುರೆಯನ್ನು. ಪಂಡಿತರು ವಕೀಲೆಯ ಮೂಲಕ ಕುದುರೆಯ ಬಣ್ಣ ಕೇಳಿದರು. ಬಿಳಿ ಎಂದೆ. ಆ ಹೊತ್ತಿಗೆ ನಿಜವಾದ ಶರಣಪ್ಪ ಮೊಣಕಾಲು ನೋವಿನಿಂದ ಮನೆಕಟ್ಟೆ ಇಳಿಯಲಾರದೆ ಕೂತಿದ್ದ.

"ಅಣ್ಣಾ, ನಾ ಇಷ್ಟ ಉದ್ದ ಹೇಳಿಲ್ಲಲಾ?" ಅಂದಳು ಸಿದ್ದವ್ವ.

"ಹಿಂದಿ ಉದ್ದ ಇರ್ತದ ಬೇ, ಸುಮ್ನಿರು."

ತಿಂಗಳುಗಳ ಮೇಲೆ ವಕೀಲೆ ಫೋನ್ ಮಾಡಿದರು. ಸಿದ್ದವ್ವನದು ಮನುಷ್ಯ ಓಡಿಸಿದ ಪ್ರಕರಣ, ಹವಾಮಾನದ್ದಲ್ಲ. ಅವಳ ಹೇಳಿಕೆಯನ್ನು ನಮ್ಮ ಕೇಸಿನಿಂದ ತೆಗೆದುಹಾಕಿದ್ದೇವೆ, ಬೆದರಿಕೆಯ ದೂರಾಗಿ ಬೇರೆಡೆ ಕಳಿಸಿದ್ದೇವೆ ಎಂದರು. ಆಗ ಅರ್ಥವಾಯಿತು — "ಯಾರೂ ಓಡಿಸಿಲ್ಲ" ಎಂಬುದೇ ಅವರಿಗೆ ಬೇಕಿದ್ದ ಉತ್ತರ. ಓಡಿಸುವ ಮನುಷ್ಯನಿಲ್ಲದೆ ನೆಲೆ ತಪ್ಪಿದವರಿಗಾಗಿಯೇ ಅವರು ಕಾನೂನು ಕೇಳುತ್ತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. "ಹಾಂ ಜೀ" ಅಂದೆ, ಫೋನ್ ಇಟ್ಟೆ.

ಉಳಿದವರಿಗೆ ನಿವೇಶನ ಸಿಕ್ಕಿತು. ತನ್ನದೇಕೆ ಬರಲಿಲ್ಲವೆಂದು ಸಿದ್ದವ್ವ ಕೇಳಿದಾಗಲೆಲ್ಲ, "ಸರಕಾರದ ಕೆಲಸ, ತಡ ಆಗ್ತದ" ಅಂದೆ. ಅತ್ತ ಮೊಮ್ಮಗನ ಕೂದಲು ತೆಗೆಸುವ ಜವಳದಲ್ಲಿ ಶರಣಪ್ಪ ನನ್ನ ಪಕ್ಕ ಬಂದು ಕೂತ. "ಬೀಗರ, ಯಾರೋ ನನ್ನ ಮನೀಗಿ ಬಂದು, 'ನಿನ್ನ ಬಿಳಿ ಕುದರಿ ಎಲ್ಲದ' ಅಂತ ಕೇಳಿ ಹೋದ್ರು ನೋಡ್ರಿ. ನನ್ನ ಹತ್ರ ಒಂದು ಆಡು ಸೈತ ಇಲ್ಲ." ಚಹಾ ನನ್ನ ಮೂಗಿನಿಂದ ಹೊರಬಂತು. ಪಾಪ, ಬೆನ್ನು ತಟ್ಟಿದವನೂ ಅವನೇ.

ನಿವೇಶನದ ಪಟ್ಟಿಯಲ್ಲಿ ಬಿಟ್ಟುಹೋದವರ ಮಾತು ಕೇಳಲು ವಕೀಲೆ ಮತ್ತೆ ಬರುತ್ತಿದ್ದಾರೆ. ನಿನ್ನೆ ದಿಬ್ಬ ಹತ್ತಿ ಸಿದ್ದವ್ವನಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದಳು. ಕುದುರೆಯ ಮಾತು ಬಂದಾಗ ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನನ್ನ ಓಡಸಾಕ ಆ ಮುದುಕಗ ಮೊಣಕಾಲರ ಎಲ್ಲದಾವೋ ಅಣ್ಣಾ?"

ನಗು ನಿಂತ ಮೇಲೆ ತಲೆಯ ಮೇಲಿನ ತಗಡನ್ನೇ ನೋಡುತ್ತ ಕೂತಳು. "ಹೊಳಿಗಿ ಕೆಟ್ಟ ಹೆಸರು ಬರಬಾರದಂತ ನೋಡಿ ನೋಡಿ ಮಾತಾಡಿದ್ದೆ. ಅದೇ ನನಗ ಮನಿ ಕೊಡಸೂ ಮಾತಾಗಿತ್ತು."

ಕೆಳಗಿಟ್ಟ ಮೊರವನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಈಗ ನಿವೇಶನ ಉಳಿದಿದೆಯೋ ಇಲ್ಲವೋ — ತಿಳಿಯದು. ವಕೀಲೆಯ ಮುಂದೆ ಮೊದಲು ನಾನೇ ನಿಂತು ನನ್ನ ಸುಳ್ಳು ಹೇಳುತ್ತೇನೆ. ಅವನೂ ಕೇಳಲೆಂದು ಶರಣಪ್ಪನನ್ನೂ ಕರೆದಿದ್ದೇನೆ, ಕಾರಣ ಹೇಳಿಲ್ಲ. ಸಿದ್ದವ್ವನ ಮಾತನ್ನು ಹಿಂದಿಗೆ ತಿರುಗಿಸಲು ಬೇರೆಯವರು ಬರುತ್ತಾರೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಅವಳು ಗಿಡ್ಡಾಗಿ ಹೇಳಿದ್ದು ಹಿಂದಿಯಲ್ಲೂ ಗಿಡ್ಡಾಗಿಯೇ ಬರುವುದನ್ನು ಕೇಳಿಸಿಕೊಳ್ಳುತ್ತೇನೆ.