ಗೇಟಿನ ಹೊರಗೆ ನಿಂತ ಸೋದರಮಾವ

ಮೂಡುಬಿದಿರೆಗೆ ಬಂದ ಮೊದಲ ದಿನ ಒಂದು ಯಂತ್ರ ನನ್ನನ್ನು ಮನುಷ್ಯಳೆಂದೇ ಒಪ್ಪಲಿಲ್ಲ. ಹುಡುಗಿಯರ ಹಾಸ್ಟೆಲ್ಲಿನ ಗೇಟು ಕಾಯುವ ಕೆಲಸಕ್ಕೆ ಬಂದವಳು ನಾನು. ಇಲ್ಲಿ ಬಾಗಿಲು ತೆರೆಯಬೇಕಾದರೆ ಯಂತ್ರದ ಮೇಲೆ ಬೆರಳೊತ್ತಬೇಕು. ಒತ್ತಿದೆ, ಕೆಂಪು ದೀಪ ಹತ್ತಿತು. ಎಲ್ಲ ಬೆರಳೂ ಒತ್ತಿದೆ, ಮತ್ತೆ ಕೆಂಪೇ. ಹತ್ತಿ ಬಿಡಿಸಿ, ರೊಟ್ಟಿ ಬಡಿದು ನನ್ನ ಬೆರಳ ಗೆರೆಗಳು ಸವೆದು ಹೋಗಿದ್ದವು. ಕೊನೆಗೆ ಕೊರಳಿಗೊಂದು ಕಾರ್ಡು ಹಾಕಿ ಒಳಗೆ ಬಿಟ್ಟರು.

ಕುಷ್ಟಗಿಯ ಎರೆಹೊಲ ನೋಡಿ ಬೆಳೆದ ನನಗೆ ಈ ಊರು ಹೇಗೆಂದು ಹೇಳುವುದು ಕಷ್ಟ. ನಮ್ಮಲ್ಲಿ ಬರುವವರು ಮೈಲಿ ದೂರದಿಂದಲೇ ಕಾಣುತ್ತಾರೆ, ಯಾರೆಂದು ನಡಿಗೆಯಲ್ಲೇ ತಿಳಿಯುತ್ತದೆ. ಇಲ್ಲಿ ರಸ್ತೆಗಳೆಲ್ಲ ತಿರುವು, ಜನ ದಿಢೀರನೆ ಎದುರಾಗುತ್ತಾರೆ. ತಮ್ಮತಮ್ಮಲ್ಲಿ ತುಳು ಆಡುತ್ತಾರೆ. ನನ್ನ ಜೊತೆ ಮಾತ್ರ ಪಾಠ ಒಪ್ಪಿಸುವವರಂತೆ ನಿಧಾನವಾಗಿ ಕನ್ನಡ. ಪುಂಡಿ ಎಂದರೆ ನಮಗೆ ಹುಳಿ ಸೊಪ್ಪು, ಇವರಿಗೆ ಹಬೆಯಲ್ಲಿ ಬೆಂದ ಅಕ್ಕಿಯ ಉಂಡೆ. ಕುಚ್ಚಲಕ್ಕಿ ಅನ್ನ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೆ ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ. ಘಟ್ಟದ ಮೇಲಿನಿಂದ ಬಂದವಳಾದ್ದರಿಂದ ಹುಡುಗಿಯರು ನನಗೆ ಘಟ್ಟದ ಅಕ್ಕ ಎಂದು ಹೆಸರಿಟ್ಟರು. ‘ಎಲ್ಲಿ ಹೊಂಟೀರಿ’ ಎಂದು ನಾನು ಕೇಳುವುದನ್ನು ಅಣಕಿಸಿ ನಗುತ್ತಾರೆ. ಹಾಗೆ ನಕ್ಕ ದಿನ ನನಗೆ ಒಂಟಿತನ ಕಡಿಮೆ.

ಗೇಟಿನ ನಿಯಮ ಸರಳ. ಹುಡುಗಿಯನ್ನು ಕರೆದೊಯ್ಯಲು ಯಾರು ಬಂದರೂ ಅವರ ಫೋಟೊ ಕಂಪ್ಯೂಟರಿನಲ್ಲಿರಬೇಕು. ಇಲ್ಲದಿದ್ದರೆ ಅವರನ್ನು ಒಳಗೆ ಬಿಡುವಂತಿಲ್ಲ, ಹುಡುಗಿಯನ್ನು ಹೊರಗೆ ಕರೆಯುವಂತೆಯೂ ಇಲ್ಲ.

ಒಂದು ಬೆಳಿಗ್ಗೆ ನಾರಾವಿಯಿಂದ ಒಬ್ಬ ತರುಣ ಬಂದ. ಮೂವತ್ತರ ಆಸುಪಾಸು, ಹೆಸರು ಸಂತೋಷ. ಪಿಯುಸಿ ಓದುವ ಪ್ರತೀಕ್ಷಾಳ ಸೋದರಮಾವನಂತೆ. ಅವಳ ಅಜ್ಜಿಗೆ ಕಾಯಿಲೆ ಜೋರಾಗಿದೆ, ಮಾತು ನಿಲ್ಲುವ ಮೊದಲು ಮೊಮ್ಮಗಳನ್ನು ನೋಡಬೇಕೆನ್ನುತ್ತಿದ್ದಾರೆ, ಕೂಡಲೇ ಕಳಿಸಿ ಎಂದ. ಕಂಪ್ಯೂಟರಿನಲ್ಲಿ ಅಪ್ಪ ಅಮ್ಮನ ಫೋಟೊ ಮಾತ್ರ ಇತ್ತು. ಅಪ್ಪ ಮಸ್ಕತ್‌ನಲ್ಲಿ, ಫೋನ್ ಎತ್ತಲಿಲ್ಲ. ಅಮ್ಮ ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ, ಫೋನ್ ಬಂದ್.

ಬೇರೆಯವಳಾಗಿದ್ದರೆ ವಾರ್ಡನ್ನರನ್ನು ಹುಡುಕಿ ಕೇಳುತ್ತಿದ್ದಳೇನೋ. ನನಗೆ ಆ ಮಾತು ಕೇಳಿದ ಕೂಡಲೇ ನನ್ನದೇ ಶಾಲೆಯ ದಿನ ನೆನಪಾಯಿತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಅಜ್ಜಿಗೆ ಹುಷಾರಿಲ್ಲ ಎಂದು ಶಾಲೆಯಿಂದ ಕರೆದೊಯ್ದವರು ನನ್ನ ಸೋದರಮಾವ. ಮನೆ ಮುಟ್ಟಿದಾಗ ಅಜ್ಜಿ ಹಂದರದ ಕೆಳಗೆ ಕೂತು ಅರಿಷಿಣ ಕಲಸುತ್ತಿದ್ದಳು. ಮರುದಿನ ಮಾವನೇ ಗಂಡನಾದರು. ಕೆಟ್ಟವರಲ್ಲ, ಮುಂದೆ ಮನೆಯಲ್ಲೇ ನನ್ನನ್ನು ಓದಿಸಿದವರೂ ಅವರೇ, ತೀರಿಕೊಳ್ಳುವವರೆಗೆ ಚೆನ್ನಾಗಿಯೇ ನೋಡಿಕೊಂಡರು. ಆದರೂ ಸಂತೋಷನಿಗೆ ನಾನು ಬಾಗಿಲು ತೆರೆಯಲಿಲ್ಲ.

ಅವನು ಜಗಳವಾಡಲಿಲ್ಲ. ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ. ಇಷ್ಟು ತಾಳ್ಮೆ ನಾಟಕವೇ ಇರಬೇಕು ಎಂದುಕೊಂಡೆ. ಬಿಸಿಲು ನೆತ್ತಿಗೇರಿತು.

ಆ ಹೊತ್ತಿಗೆ ಪಾಳಿ ಬದಲಿಸಲು ಬಂದವರು ವಾಮದಪದವಿನ ಅಬೂಬಕ್ಕರ್. ಗಲ್ಫಿನಲ್ಲಿ ವರ್ಷಗಟ್ಟಲೆ ಕಾವಲು ಕೆಲಸ ಮಾಡಿ ಮರಳಿದವರು. ಅವರಿಗೆ ನನ್ನ ಅನುಮಾನವನ್ನು ಪಿಸುಮಾತಿನಲ್ಲಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಮದುವೆಯಾ? ಎಂಥ ಮಾತು ಅಕ್ಕ. ಇಲ್ಲಿ ಅವರ ಜಾತಿಯಲ್ಲಿ ಬಳಿ ಅಂತ ಉಂಟು, ತಾಯಿಯ ಕಡೆಯಿಂದ ಬರುವ ವಂಶ. ಮಾವನದ್ದೂ ಸೊಸೆಯದ್ದೂ ಒಂದೇ ಬಳಿ, ಮದುವೆಯ ಯೋಚನೆಯೂ ಮಾಡ್ಲಿಕ್ಕಿಲ್ಲ. ಮಾವ ಅಂದ್ರೆ ಅವರಿಗೆ ಮನೆಯ ಯಜಮಾನ ಮಾರಾಯ್ರೆ. ಅಪ್ಪನಿಗಿಂತ ಮೊದಲು ಅವನ ಮಾತು.”

ಅಷ್ಟರಲ್ಲಿ ಮಸ್ಕತ್‌ನಿಂದ ಅಪ್ಪನ ಕರೆ ಬಂತು. ಕಳಿಸಬಹುದೇ ಎಂದು ಕೇಳಿದೆ.

“ನನ್ನನ್ನು ಎಂಥ ಕೇಳುವುದು? ಅವಳ ಮಾವ ಬಂದಿದ್ದಾನಲ್ಲ” ಎಂದರು ಆ ತಂದೆ.

ಓಡಿಹೋಗಿ ಪ್ರತೀಕ್ಷಾಳನ್ನು ಕರೆತಂದೆ. ಅವಳು “ತಮ್ಮಲೆ” ಎಂದು ಓಡಿದಳು. ತುಳುವಿನಲ್ಲಿ ಸೋದರಮಾವನನ್ನು ಹಾಗೆ ಕರೆಯುತ್ತಾರೆ. ಅಪ್ಪನ ಹೆಗಲಿಗೆ ಒರಗುವಂತೆ ಅವನ ಹೆಗಲಿಗೆ ಒರಗಿದಳು. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟಿನ ಸರಳು ಹಿಡಿದೇ ನಿಂತಿದ್ದೆ.

ಅವರು ತಲುಪುವಷ್ಟರಲ್ಲಿ ಅಜ್ಜಿಯ ಮಾತು ನಿಂತಿತ್ತು. ಕಣ್ಣು ತೆರೆದಿದ್ದವಂತೆ, ಕೈ ಹಿಡಿದುಕೊಂಡರಂತೆ. ಮೊಮ್ಮಗಳಿಗೆ ಏನೋ ಹೇಳಬೇಕೆಂದು ಬೆಳಿಗ್ಗೆಯಿಡೀ ಅಂದಿದ್ದರಂತೆ, ಅದೇನೆಂದು ಯಾರಿಗೂ ತಿಳಿಯಲಿಲ್ಲ. ಅಬೂಬಕ್ಕರ್ ಇದನ್ನು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಉತ್ತರಕ್ರಿಯೆ ಮುಗಿಸಿ ಸಂತೋಷ ಅವಳನ್ನು ಮರಳಿ ಬಿಡಲು ಬಂದ. ಪ್ರತೀಕ್ಷಾ ನನ್ನ ಮುಖ ನೋಡದೆ ಬೆರಳೊತ್ತಿ ಒಳಗೆ ಹೋದಳು. ಅವನ ಬಳಿ ಹೋಗಿ, ತಪ್ಪಾಯಿತು ಎಂದೆ. ನನ್ನ ಮದುವೆಯ ಕಥೆಯನ್ನೂ ಹೇಳಿದೆ.

“ಸಿಟ್ಟು ಬಂದದ್ದು ಹೌದು, ಇನ್ನೂ ಉಂಟು. ಆದರೆ ಮಾವ ಅಂತ ಹೇಳಿಕೊಂಡು ಯಾರೂ ಬರಬಹುದಲ್ಲ. ಇನ್ನು ಮುಂದೆಯೂ ಹೀಗೇ ನಿಲ್ಲಿಸಿ” ಎಂದು, ಕಂಪ್ಯೂಟರಿಗೆ ತನ್ನ ಫೋಟೊ ಕೊಟ್ಟು ಹೋದ.

ಸಂಜೆಯಾದರೆ ಈಗಲೂ ಊರಿನ ನೆನಪಾಗಿ ಕಣ್ಣು ತುಂಬುತ್ತದೆ. ಯಾರ ಮನೆಯ ಒಲೆಯ ಮುಂದೆ ಬೇಕಾದರೂ ಹೇಳದೆ ಕೇಳದೆ ಹೋಗಿ ಕೂರಬಹುದಾದ ಊರು ಅದು. ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಅಕ್ಕನ ಬೈಗುಳ, ಎಲ್ಲವೂ ಬೇಕು. ಇದೊಂದು ತಿಂಗಳು ಕಳೆಯಲಿ, ಹೊರಟುಬಿಡುತ್ತೇನೆ ಎಂದುಕೊಳ್ಳುತ್ತೇನೆ. ಹಾಗೆಂದುಕೊಳ್ಳುವಾಗಲೇ ಒಂಬತ್ತನೇ ತರಗತಿಯ ಆ ಮಧ್ಯಾಹ್ನವೂ ಕಣ್ಣ ಮುಂದೆ ಬರುತ್ತದೆ. ಮಾವನ ಹಿಂದೆ ನಾನು ತರಗತಿಯಿಂದ ಹೊರಟಾಗ ಮಾಸ್ತರರು ನಕ್ಕು ಕಳಿಸಿಕೊಟ್ಟರು. ದಾರಿಯಲ್ಲಿ ಅಂಗಡಿಯವರಿದ್ದರು, ಬಾವಿಯ ಹತ್ತಿರ ಹೆಂಗಸರಿದ್ದರು, ಕಟ್ಟೆಯ ಮೇಲೆ ಹಿರಿಯರಿದ್ದರು. ಎಲ್ಲರಿಗೂ ನನ್ನ ಗುರುತಿತ್ತು. ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ.