ಇಂಜೆಕ್ಟರ್ ಮುಂದೆ ಕರ್ಪೂರ

ಪಟ್ಟಂದೂರು ಅಗ್ರಹಾರದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆಯುತ್ತಿರಲಿಲ್ಲ. ಎಲ್ಲರೂ ಬೀಳುತ್ತಿದ್ದರು. ಅಪ್ಪ ಇದ್ದಾಗ ಅಮ್ಮ ಬಚ್ಚಲಲ್ಲಿ ಬೀಳುತ್ತಿದ್ದಳು. ಅಪ್ಪ ಹೋದ ಮೇಲೆ, ಅಣ್ಣನಿಗೆ ಕೋಪ ಬಂದಾಗಲೆಲ್ಲ ನಾನು ಮೆಟ್ಟಿಲ ಮೇಲೆ ಬೀಳುತ್ತಿದ್ದೆ. ಅಕ್ಕಪಕ್ಕದವರು ಕೇಳಿದರೆ ಅಮ್ಮನದು ಒಂದೇ ಉತ್ತರ: "ಜಾರ್ಬಿದ್ಲು ಕಣಮ್ಮ." ಆ ಮಾತು ಕೇಳಿದರೆ ನನಗೆ ಏಟಿಗಿಂತ ಹೆಚ್ಚು ಉರಿಯುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಕಾರಿನ ಇಂಜೆಕ್ಟರ್ ಬದಲಿಸುತ್ತಿದ್ದೆ. ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಆ ಬೆರಳುದ್ದದ ಸಾಮಾನು ಕೆಟ್ಟು, ಗಾಡಿ ಹೂಡಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕೆಮ್ಮಿ ನಿಂತು ನನ್ನ ಮಾನ ತೆಗೆದಿತ್ತು. ಹಳೆಯದನ್ನು ನಾನೇ ಬಿಚ್ಚಿದ್ದೆ. ಹೊಸದನ್ನು ಕೂರಿಸುವ ಹೊತ್ತಿಗೆ ಅಣ್ಣ ಎದ್ದು ಬಂದು ಕೈಯಿಂದ ಕಿತ್ತುಕೊಂಡ.

"ಅದ್ರ ತುದೀಲಿರೋ ರಬ್ಬರ್ ಉಂಗುರಕ್ಕೆ ಒಂಚೂರು ಆಯಿಲ್ ಸವರೋ. ಹಂಗೇ ತುರುಕಿದ್ರೆ ಹರ್ದೋಗುತ್ತೆ," ಎಂದೆ.

"ನಂಗೇ ಹೇಳ್ಕೊಡ್ತೀಯಾ?" ಎಂದವನು ಸುತ್ತಿಗೆಯ ಹಿಡಿಯಿಂದ ಗುದ್ದಿ ಕೂರಿಸಿದ. ಅವನ ಲೆಕ್ಕದಲ್ಲಿ ಗುದ್ದಿದರೆ ಎಲ್ಲವೂ ಕೂರುತ್ತದೆ, ನಾನೂ ಸೇರಿ.

ಪೈಪು ಬಿಗಿದು, ಒಳಗೆ ಕೂತು ಕೀ ತಿರುಗಿಸಿದ. ಪಂಪು ಗುಂಯ್ ಎಂದಿತು. ಹರಿದ ಉಂಗುರದ ಸಂದಿಯಿಂದ ಪೆಟ್ರೋಲ್ ಚಿಮ್ಮಿತು. ಎತ್ತಿದ ಬಾನೆಟ್ಟಿನ ಹಿಂದಿದ್ದ ಅವನಿಗೆ ಅದು ಕಾಣಲಿಲ್ಲ.

ಆಗ ಅಮ್ಮ ಬಂದಳು. ನಮ್ಮಲ್ಲಿ ರಿಪೇರಿಯಾದ ಗಾಡಿಗೆ ಚಕ್ರದಡಿ ನಿಂಬೆಹಣ್ಣಿಟ್ಟು ಕರ್ಪೂರ ಬೆಳಗದೆ ಸ್ಟಾರ್ಟ್ ಮಾಡುವಂತಿಲ್ಲ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

"ಅಮ್ಮಾ, ಬೇಡ!"

"ಸುಮ್ಕಿರೇ, ಒಳ್ಳೇ ಕೆಲ್ಸಕ್ಕೆ ಬೇಡ ಅನ್ಬಾರ್ದು," ಎನ್ನುತ್ತಾ ಇಂಜಿನ್ನಿನತ್ತ ಕೈ ಚಾಚಿದಳು.

ಕೈಯಲ್ಲಿದ್ದ ಸ್ಪ್ಯಾನರನ್ನೇ ಬೀಸಿದೆ. ತಟ್ಟೆ ರಸ್ತೆಗೆ ಹಾರಿತು. ಅಮ್ಮನ ಮಣಿಕಟ್ಟು ಲಟಕ್ಕೆಂದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬಳೆ ಚೂರಾಗಿ ರಕ್ತ ಇಳಿಯಿತು.

ಅಣ್ಣ ಕಂಡದ್ದು ಅದೊಂದನ್ನೇ. ಹೊರಗೆ ಹಾರಿ, ನನ್ನ ಜಡೆ ಹಿಡಿದು, ಮುಖವನ್ನು ಕಾರಿನ ಅಂಚಿಗೆ ಜಜ್ಜಿದ. ಒಂದು ಸಲ, ಮತ್ತೊಂದು ಸಲ. ತುಟಿ ಸೀಳಿ ಬಾಯ್ತುಂಬ ರಕ್ತ.

"ಮೂಸಿ ನೋಡೋ, ಪೆಟ್ರೋಲು!" ಎಂದು ಕಿರುಚಿದೆ.

ಮೂಸಿದ. ಜಡೆ ಬಿಟ್ಟ. ರಸ್ತೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಲೇ ಇತ್ತು. ಅವನ ಮುಖ ಬಿಳಿಚಿಕೊಂಡಿತು.

ಆಟೋ ಹತ್ತಿ ಮೂವರೂ ಆಸ್ಪತ್ರೆಗೆ ಹೋದೆವು. ಹೇಗಾಯಿತು ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಅಮ್ಮ ಶುರುಮಾಡಿದಳು: "ಜಾರ್ಬಿದ್ದೆ ಮೇಡಂ. ಇವ್ಳು ಇಡ್ಕಳಕ್ಕೆ ಬಂದು ಇವ್ಳೂ ಬಿದ್ಲು." ಬಾಗಿಲ ಬಳಿ ನಿಂತಿದ್ದ ಅಣ್ಣ ತಲೆಯಾಡಿಸಿದ.

ನನಗೆ ಮೈಯೆಲ್ಲ ಬೆಂಕಿ ಬಿತ್ತು.

"ಯಾರೂ ಬಿದ್ದಿಲ್ಲ ಮೇಡಂ. ಅಮ್ಮನ ಕೈ ಮುರಿದಿದ್ದು ನಾನು, ಅವ್ರು ಬೆಂಕೀಲಿ ಬೇಯೋದು ಬೇಡ ಅಂತ. ನನ್ ಬಾಯಿ ಒಡೆದಿದ್ದು ಇವ್ನು. ಬರ್ಕೊಳ್ಳಿ."

ಡಾಕ್ಟರಮ್ಮ ಅಮ್ಮನನ್ನು ನೋಡಿದರು. ಅಣ್ಣನೂ ಅಮ್ಮನನ್ನೇ ನೋಡಿದ, ಕಣ್ಣು ದೊಡ್ಡದು ಮಾಡಿ.

ಅಮ್ಮ ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಹೂಂ ಮೇಡಂ," ಎಂದಳು. "ಒಡೆದ. ಇವ್ರಪ್ಪಾನೂ ಒಡೀತಿದ್ದ."