ಎಷ್ಟು ರಜೆ ಉಂಟು

ಗಲ್ಫಿನಿಂದ ಊರಿಗೆ ಬಂದವನನ್ನು ಕಂಡರೆ ನಮ್ಮ ಕಾಪುವಿನಲ್ಲಿ ಸೌಖ್ಯವಾ ಎಂದು ಮೊದಲು ಯಾರೂ ಕೇಳುವುದಿಲ್ಲ. "ಎಷ್ಟು ರಜೆ ಉಂಟು?" ಎಂದೇ ಕೇಳುವುದು. ಮಸೀದಿಯ ಮೆಟ್ಟಿಲಲ್ಲಿ, ಮೀನು ಮಾರ್ಕೆಟಿನಲ್ಲಿ, ಮದುವೆ ಹಾಲ್‌ನಲ್ಲಿ, ಎಲ್ಲ ಕಡೆ ಇದೇ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಊಟಕ್ಕೆ ಕರೆಯಲು ದಿನ ನೋಡಬೇಕು, ಯಾವುದೋ ಸಂಬಂಧದ ಮಾತು ಮುಗಿಸಬೇಕು, ಅಷ್ಟೆ. ಆದರೂ ಬಂದವನು ಚಪ್ಪಲಿ ಬಿಡುವ ಮೊದಲೇ ಅವನನ್ನು ವಾಪಸ್ಸು ಹೊರಡಿಸಿಬಿಡುವ ಪ್ರಶ್ನೆ ಅದು. ಚಿಕ್ಕಂದಿನಿಂದ ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ನಮ್ಮ ಮನೆಮಾತು ಬ್ಯಾರಿ. ತಂದೆ ನಮಗೆ ಉಪ್ಪ, ತಾಯಿ ಉಮ್ಮ. ಉಪ್ಪ ಗಲ್ಫಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುತ್ತಿದ್ದರು. ಬೇರೆ ಮಕ್ಕಳಿಗೆ ರಜೆ ಎಂದರೆ ಶಾಲೆಗೆ ಬೀಗ. ನಮ್ಮ ಮನೆಯಲ್ಲಿ ರಜೆ ಎಂದರೆ ಉಪ್ಪ. ರಜೆ ಬಂತು ಎಂದರೆ ಉಪ್ಪ ಬಂದರು, ರಜೆ ಮುಗಿಯಿತು ಎಂದರೆ ಉಪ್ಪ ಹೋದರು. ಆ ಎರಡು ತಿಂಗಳು ಉಮ್ಮನಿಗೆ ಕೂರಲು ಪುರುಸೊತ್ತು ಇರುತ್ತಿರಲಿಲ್ಲ. ಮೊದಲಿಗೆ ನೋಡಲು ಬರುವ ನೆಂಟರಿಗೆ ಅಕ್ಕಿರೊಟ್ಟಿ, ಕೋಳಿಸಾರು. ಆಮೇಲೆ ನಾವೇ ನೆಂಟರ ಮನೆಗಳಿಗೆ ಹೋಗುವುದು. ಕಾರ್ಕಳದಲ್ಲಿ ಉಪ್ಪನ ತಂಗಿಯ ಮನೆಗೆ ಹೋಗದಿದ್ದರೆ ಮುಂದಿನ ರಜೆಯವರೆಗೂ ಮುನಿಸು. ಕೊನೆಗೆ ಪ್ಯಾಕಿಂಗ್. ಉಮ್ಮನಂತೆ ಪೆಟ್ಟಿಗೆ ಕಟ್ಟುವವರು ಇಡೀ ಕೇರಿಯಲ್ಲಿ ಇರಲಿಲ್ಲ. ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಅದನ್ನು ಲುಂಗಿಯ ಒಳಗೆ ಮಲಗಿಸಿ, ಒಣಮೀನಿನ ವಾಸನೆ ಹೊರಗೆ ಬಾರದಂತೆ ಮೂರು ಪದರ ಕಾಗದ ಹಾಕುತ್ತಿದ್ದಳು. ಏರ್‌ಪೋರ್ಟಿನಲ್ಲಿ ಅವಳ ಪೆಟ್ಟಿಗೆಯನ್ನು ಬಿಚ್ಚಿ ತೂಕ ಇಳಿಸಿದ್ದು ನನಗೆ ನೆನಪಿಲ್ಲ.

ಅವರಿಬ್ಬರೂ ಜಗಳವಾಡಿದ್ದೂ ನನಗೆ ನೆನಪಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನಾನೇ ಮದುವೆಯಾದ ಮೇಲೆ ಅದರ ಅರ್ಥ ಹೊಳೆಯಿತು. ಗಲ್ಫಿನವನನ್ನು ಮಾತ್ರ ಬೇಡ ಎಂದು ಹಠ ಹಿಡಿದು, ಉಡುಪಿಯ ಒಬ್ಬ ಶಾಲಾ ಮಾಸ್ತರರನ್ನು ಕಟ್ಟಿಕೊಂಡು ಬನ್ನಂಜೆಯ ಫ್ಲ್ಯಾಟಿಗೆ ಬಂದವಳು ನಾನು. ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ನನ್ನ ಕೆಲಸ. ಗಂಡ ಸಂಜೆ ಮನೆಗೆ ಬರುತ್ತಾರೆ, ನಾವು ಒದ್ದೆ ಟವೆಲ್ಲಿನ ವಿಷಯಕ್ಕೂ ಜಗಳವಾಡುತ್ತೇವೆ, ಮರುದಿನ ಒಟ್ಟಿಗೆ ಚಹಾ ಕುಡಿಯುತ್ತೇವೆ. ರಜೆಯಲ್ಲಿ ಬಂದ ಗಂಡನ ಜೊತೆ ಹಾಗೆ ಜಗಳವಾಡಲು ಆಗುತ್ತದೆಯೆ? ಇರುವುದೇ ಎರಡು ತಿಂಗಳು, ಅದನ್ನು ಯಾರು ಹಾಳು ಮಾಡಿಕೊಳ್ಳುತ್ತಾರೆ? ಹಾಗಾಗಿ ಉಮ್ಮ ಮತ್ತು ಉಪ್ಪ ಆಯುಷ್ಯವಿಡೀ ಒಬ್ಬರಿಗೊಬ್ಬರು ಮರ್ಯಾದೆಯಿಂದ ನಡೆದುಕೊಂಡರು.

ಈಚೆಗೆ ಉಪ್ಪ ಪೂರ್ತಿ ಬಿಟ್ಟು ಬಂದರು. ಅದಕ್ಕೆ ನಮ್ಮವರ ಬಾಯಲ್ಲಿ ಒಂದೇ ಶಬ್ದ, ಕ್ಯಾನ್ಸಲ್. ವೀಸಾ ಕ್ಯಾನ್ಸಲ್ ಮಾಡಿ ಬಂದವನು ಎಂಬುದನ್ನು ಗಿಡ್ಡ ಮಾಡಿ "ಕ್ಯಾನ್ಸಲಿನಲ್ಲಿ ಬಂದದ್ದು" ಎನ್ನುತ್ತಾರೆ. ಎಷ್ಟು ರಜೆ ಉಂಟು ಎಂದು ಕೇಳಿದವರಿಗೆಲ್ಲ ಉಪ್ಪ ನಗುತ್ತ ಅದನ್ನೇ ಹೇಳಿದರು. ಕೇಳಿದವರು ಒಳ್ಳೆಯದಾಯಿತು, ಇನ್ನು ಆರಾಮ ಎಂದರು. ಆರಾಮ ಎನ್ನುವುದು ಎಲ್ಲಿಂದ ಬರಬೇಕು, ಯಾರಿಗೂ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ನಾನು ಕಾಪುವಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ. ಉಪ್ಪ ಅಡುಗೆಮನೆಗೆ ಕಾಲಿಟ್ಟರೆ ಉಮ್ಮ ಕೂತಲ್ಲಿಂದ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಅವರಿಗೆ ಊಟ ಬಡಿಸುತ್ತಿದ್ದದ್ದು ಶೋಕೇಸಿನಲ್ಲಿದ್ದ ಹೂವಿನ ಪಿಂಗಾಣಿ ತಟ್ಟೆಯಲ್ಲಿ. ತಾನು ಉಣ್ಣುತ್ತಿದ್ದದ್ದು ಸ್ಟೀಲ್ ತಟ್ಟೆಯಲ್ಲಿ, ಅವರದ್ದಾದ ಮೇಲೆ, ಒಲೆಯ ಹತ್ತಿರ. ಉಪ್ಪನೂ ಸುಮ್ಮನೆ ಕೂರುವವರಲ್ಲ. ಗೋದಾಮು ನೋಡಿಕೊಂಡ ಕೈ. ಒಂದು ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ದೊಡ್ಡದು ಹಿಂದೆ, ಚಿಕ್ಕದು ಮುಂದೆ ಎಂದು ಜೋಡಿಸಿಟ್ಟರು. ಮಧ್ಯಾಹ್ನ ಉಮ್ಮ ಉಪ್ಪು ಸಿಗದೆ ಅಲ್ಲೇ ನಿಂತು ಅತ್ತಳು. ನಾನು ನೋಡಿದೆ ಎಂದು ಗೊತ್ತಾದಾಗ, ಈರುಳ್ಳಿ ಎಂದಳು. ಅಲ್ಲಿ ಈರುಳ್ಳಿ ಇರಲಿಲ್ಲ.

ನನಗೆ ಹೆದರಿಕೆ ಹುಟ್ಟಿದ್ದು ಆಗ. ಇವರು ಇಷ್ಟು ವರ್ಷ ಕಾದದ್ದು ಇದಕ್ಕಾಗಿಯೇ ಆಗಿತ್ತು, ಒಂದೇ ಸೂರಿನಡಿ ಒಟ್ಟಿಗೆ ಇರುವುದಕ್ಕೆ. ಅದೇ ಬಾರದಿದ್ದರೆ ಇನ್ನುಳಿದ ಬದುಕನ್ನು ಏನು ಮಾಡುವುದು?

ದ್ವೀಪದ ಮಾತು ಎದ್ದದ್ದು ಕಾರ್ಕಳದಲ್ಲಿ. ಉಪ್ಪನ ತಂಗಿಯ ಮನೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತಾನು ಗಂಡನ ಜೊತೆ ಲಕ್ಷದ್ವೀಪಕ್ಕೆ ಹೋದ ಫೋಟೋ ತೋರಿಸಿದಳು. ಒಂದರಲ್ಲಿ ಮನುಷ್ಯರೇ ಇರಲಿಲ್ಲ. ತೆಂಗಿನಮರದ ಕೆಳಗೆ ಸಮುದ್ರಕ್ಕೆ ಮುಖ ಮಾಡಿ ಎರಡು ಕುರ್ಚಿಗಳು, ಅಷ್ಟೆ. ಉಪ್ಪ ಆ ಮೊಬೈಲನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ವಾಪಸ್ಸು ಬರುವಾಗ ಕಾರಿನಲ್ಲಿ, ನಿನ್ನ ಉಮ್ಮನನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗಬೇಕು ಎಂದು ನನ್ನಲ್ಲಿ ಹೇಳಿದರು. ಉಮ್ಮ ಹಿಂದಿನ ಸೀಟಿನಲ್ಲೇ ಇದ್ದಳು. ಅವಳಿಗೆ ಹೇಳಬೇಕಾದ್ದನ್ನು ಅವರು ಯಾವಾಗಲೂ ನನ್ನ ಮೂಲಕವೇ ಹೇಳುವುದು. ಉಪಯೋಗಕ್ಕೆ ಬಾರದ ಒಂದು ವಸ್ತುವನ್ನು ಉಪ್ಪ ಬಯಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಟೊಂಕ ಕಟ್ಟಿ ನಿಂತೆ. ಲೈಬ್ರರಿಯಲ್ಲಿ ಊಟದ ಬಿಡುವಿನಲ್ಲಿ ಅದೇ ಕೆಲಸ. ಪರ್ಮಿಟ್ ಮಾಡಿಸುವುದು ಹೇಗೆ, ಕೊಚ್ಚಿಯಿಂದ ಹಡಗು ಒಳ್ಳೆಯದೋ ವಿಮಾನವೋ, ಯಾವ ದ್ವೀಪದಲ್ಲಿ ಜನ ಕಡಿಮೆ. ಕೊನೆಗೆ ಸಿಕ್ಕಿದ್ದು ಸಣ್ಣದೊಂದು ದ್ವೀಪ, ಊರವರೇ ನಡೆಸುವ ನಾಲ್ಕಾರು ಕೋಣೆಗಳ ಮನೆ, ಅಂಗಳದಾಚೆ ಸಮುದ್ರ. ಅಲ್ಲಿ ನೋಡುವ ಜಾಗಗಳೇನೂ ಇಲ್ಲ, ಅಂಗಡಿಯೂ ಒಂದೋ ಎರಡೋ ಎಂದಾಗ ಉಪ್ಪನಿಗೆ ಖುಷಿಯಾಯಿತು. ಅಲ್ಲಿಯವರ ಮಲಯಾಳ ಬ್ಯಾರಿ ಮಾತಾಡುವ ನಮಗೆ ಹೆಚ್ಚುಕಡಿಮೆ ಅರ್ಥವಾಗುತ್ತದೆ ಎಂದು ಉಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಅಡುಗೆ ಯಾರು ಮಾಡುವುದು, ನಮಾಜಿಗೆ ಜಾಗ ಉಂಟಾ, ನೀರು ಉಪ್ಪಾ ಎಂದು ವಿಚಾರಿಸಿದಳು. ಆಮೇಲೆ ಯಾರೆಲ್ಲ ಬರುವುದು ಎಂದು ಕೇಳಿದಳು.

"ಯಾರೂ ಇಲ್ಲ ಉಮ್ಮ, ನೀವಿಬ್ಬರೇ," ಎಂದೆ.

"ಇಬ್ಬರೇ ಎಂತ ಮಾಡುವುದು?"

ಏನೂ ಮಾಡುವುದಿಲ್ಲ, ಅದೇ ಅದರ ಸುಖ ಎಂದು ನಾನು ದೊಡ್ಡ ಮನುಷ್ಯಳಂತೆ ವಿವರಿಸಿದೆ. ಬೆಳಿಗ್ಗೆ ಏಳುವುದು, ಯಾರೋ ಮಾಡಿದ ಚಹಾ ಕುಡಿಯುವುದು, ಕುರ್ಚಿಯಲ್ಲಿ ಕೂರುವುದು. ಉಮ್ಮ ಗಮನವಿಟ್ಟು ಕೇಳಿದಳು. ಅವಳ ಮುಖದಲ್ಲಿದ್ದದ್ದು ಸಂಕೋಚ ಎಂದುಕೊಂಡೆ. ಈ ವಯಸ್ಸಿನಲ್ಲಿ ಗಂಡನ ಜೊತೆ ಸುತ್ತಲು ಹೊರಟರೆ ಜನ ಏನೆಂದಾರು ಎಂಬ ಸಂಕೋಚ. ಶಂಕರಪುರದ ಮಲ್ಲಿಗೆ ಒಂದು ಚೆಂಡು ಕೊಂಡು ಬರುತ್ತೇನೆ, ಮುಡಿದುಕೊಂಡು ಹೊರಡು ಎಂದು ತಮಾಷೆಯನ್ನೂ ಮಾಡಿದೆ. ಅವಳು ನಗಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಹೋದಾಗ ಪೆಟ್ಟಿಗೆ ಕಟ್ಟಿ ಆಗಿತ್ತು. ಕೋಣೆಯ ನಡುವೆ ಉಪ್ಪನ ದೊಡ್ಡ ನೀಲಿ ಸೂಟ್‌ಕೇಸ್. ಎತ್ತಲು ನೋಡಿದೆ, ಆಗಲಿಲ್ಲ. ಮೂರು ರಾತ್ರಿ ಇದ್ದು ಬರುವುದಕ್ಕೆ ಇಷ್ಟು ಭಾರವೆ ಎಂದು ತೆರೆದೆ. ಕುಚ್ಚಲಕ್ಕಿ, ಮಾವಿನಮಿಡಿ, ಹಲಸಿನ ಹಪ್ಪಳ, ಒಣಸಿಗಡಿ, ತೆಂಗಿನೆಣ್ಣೆ, ಉಪ್ಪನ ಬಿ.ಪಿ. ಮಾತ್ರೆ ಆರು ತಿಂಗಳಿಗಾಗುವಷ್ಟು, ಲುಂಗಿಗಳು, ಬನಿಯನ್ನುಗಳು, ಚಳಿಗೆ ಒಂದು ಸ್ವೆಟರ್. ದ್ವೀಪಕ್ಕೆ ತೆಂಗಿನೆಣ್ಣೆ! ನಗು ಬಂತು. ನಗುತ್ತಲೇ ಕೇಳಿದೆ, ನಿನ್ನ ಬಟ್ಟೆ ಯಾವುದರಲ್ಲಿ ಉಂಟು ಎಂದು.

ಉಮ್ಮ ಸೂಟ್‌ಕೇಸನ್ನು ನೋಡಿದಳು. ಆಮೇಲೆ ಕಪಾಟನ್ನು ನೋಡಿದಳು. ಅವಳು ನಾಟಕವಾಡುತ್ತಿರಲಿಲ್ಲ, ಕಟ್ಟುವಾಗ ಅವಳಿಗೆ ನಿಜವಾಗಿಯೂ ಅದು ಹೊಳೆದಿರಲಿಲ್ಲ. ಎರಡು ದಿನ ಕೂತು, ತೂಕ ನೋಡಿ, ಬಾಟಲಿಗಳ ಬಾಯಿ ಕಟ್ಟಿ, ಗಂಡನನ್ನು ಮತ್ತೊಮ್ಮೆ ಗಲ್ಫಿಗೆ ಕಳಿಸಲು ಸಜ್ಜು ಮಾಡಿದ್ದಳು. ಕೈ ಅದನ್ನೇ ಕಲಿತಿತ್ತು. ಮಂಚದ ಅಂಚಿನಲ್ಲಿ ಕೂತಳು. ಈಗ ಇಡುತ್ತೇನೆ ಎಂದಳು, ಏಳಲಿಲ್ಲ.

"ಮಗಳೇ, ಅವರನ್ನು ಕಳಿಸಿ ನನಗೆ ಗೊತ್ತುಂಟು," ಎಂದಳು. "ಅವರೊಟ್ಟಿಗೆ ಹೋಗಿ ಗೊತ್ತಿಲ್ಲ."

ಬಾಗಿಲಲ್ಲಿ ಉಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ನನಗೆ ತಿಳಿಯದು. ಒಳಗೆ ಬಂದು ನೆಲದ ಮೇಲೆ ಕೂತು, ಸೂಟ್‌ಕೇಸಿನಿಂದ ಒಂದೊಂದೇ ಬಾಟಲಿ ತೆಗೆದು ಪಕ್ಕದಲ್ಲಿಟ್ಟರು. ಸಿಟ್ಟಿನಿಂದ ಅಲ್ಲ. ಗಾಜು ಒಡೆಯದಂತೆ, ಅವಳು ಸುತ್ತಿದ ಪ್ಲಾಸ್ಟಿಕ್ ಹರಿಯದಂತೆ ತೆಗೆದರು. ಎಲ್ಲ ತೆಗೆದಾದ ಮೇಲೆ ನನ್ನ ಕಡೆ ತಿರುಗಿ, ಕ್ಯಾನ್ಸಲ್ ಮಾಡು ಎಂದರು. ಉಮ್ಮ ಬೇಡ ಎನ್ನಲಿಲ್ಲ. ನಾನು ಇಬ್ಬರಿಗೂ ಬೈದೆ. ಇಷ್ಟೆಲ್ಲ ಓಡಾಡಿದ್ದು ಯಾರಿಗಾಗಿ ಎಂದು ಕೂಗಾಡಿದೆ. ಅವರಿಬ್ಬರೂ ತಪ್ಪು ಮಾಡಿದ ಮಕ್ಕಳಂತೆ ತಲೆ ತಗ್ಗಿಸಿ ಕೂತರು. ಅದನ್ನು ನೋಡಿದ ಮೇಲೆ ನನಗೆ ಸಿಟ್ಟೂ ಉಳಿಯಲಿಲ್ಲ. ಬನ್ನಂಜೆಗೆ ಬಂದು ಗಂಡನ ಹತ್ತಿರ ಹೇಳಿ ಅತ್ತೆ.

ಮಳೆಗಾಲ ಕಳೆಯುವ ಹೊತ್ತಿಗೆ ಉಪ್ಪ ಮತ್ತೆ ಗಲ್ಫಿಗೆ ಹೋದರು. ಹಳೆಯ ಗೆಳೆಯರೊಬ್ಬರು ಅಲ್ಲಿ ದಿನಸಿ ಅಂಗಡಿ ಹಾಕಿದ್ದರಂತೆ, ನಂಬಿಕೆಯವರು ಒಬ್ಬರು ಬೇಕಂತೆ, ಸುಮ್ಮನೆ ಕೌಂಟರಿನಲ್ಲಿ ಕೂತರಾಯಿತಂತೆ. ಈ ವಯಸ್ಸಿನಲ್ಲಿ ಯಾಕೆ ಎಂದು ನಾನು ಜಗಳ ತೆಗೆದೆ. ಮನೆಯಲ್ಲಿ ಕೂತು ಕೈಕಾಲು ಹಿಡಿಯುತ್ತದೆ ಎಂದರು. ಅದೊಂದೇ ಕಾರಣ ಅಲ್ಲವೆಂದು ಮೂವರಿಗೂ ಗೊತ್ತಿತ್ತು, ಮೂವರೂ ಅದನ್ನೇ ಕಾರಣವೆಂದು ಒಪ್ಪಿಕೊಂಡೆವು. ಏರ್‌ಪೋರ್ಟಿನಲ್ಲಿ ಉಮ್ಮ ಮನಸಾರೆ ಅತ್ತಳು. ಊರಿಗೆ ಬಂದು ವಾರವಾಗುವ ಮೊದಲೇ ಅಡುಗೆಮನೆಯ ಡಬ್ಬಗಳು ಅವಳಿಗೆ ಬೇಕಾದ ಕಡೆ ಇದ್ದವು.

ಆ ನಂತರದ ಒಂದು ಭಾನುವಾರ, ಊಟವಾದ ಮೇಲೆ ನಾನು ಹೊರಗಿನ ಕೋಣೆಯಲ್ಲಿ ಸ್ವಲ್ಪ ಅಡ್ಡಾಗಿದ್ದೆ. ಒಳಗಿನಿಂದ ನಗು ಕೇಳಿಸಿತು. ಪಕ್ಕದ ಮನೆಯವರು ಬಂದಿರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಉಮ್ಮ ಒಬ್ಬಳೇ. ಗೋಡೆಗೆ ಒರಗಿ ಕಾಲು ನೀಡಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಉಪ್ಪ. ಅವಳು ಅವರನ್ನು ಗದರಿಸುತ್ತಿದ್ದಳು. ಹಡಗಿನಲ್ಲಾದರೆ ನಾನು ಬರುವುದಿಲ್ಲ, ನನಗೆ ವಾಂತಿ ಆಗ್ತದೆ, ವಿಮಾನದಲ್ಲೇ ಹೋಗುವ ಎನ್ನುತ್ತಿದ್ದಳು. ಉಪ್ಪ ಅಲ್ಲಿಂದ ಏನೋ ಹೇಳಿ ಕೆಣಕುತ್ತಿದ್ದರು. ಅಲ್ಲಿ ಸಂಜೆ ಸಮುದ್ರದ ಬದಿ ನಡೆಯಲು ಚಪ್ಪಲಿ ಬೇಕಾ ಬೇಡವಾ, ಬೆಳಿಗ್ಗೆ ಯಾರು ಮೊದಲು ಏಳುವುದು, ಒಬ್ಬರು ಗೊರಕೆ ಹೊಡೆದರೆ ಇನ್ನೊಬ್ಬರು ಎಲ್ಲಿ ಮಲಗುವುದು. ಇಷ್ಟು ಮಾತಾಡುವ ಗಂಡಹೆಂಡಿರನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ದಿನವೂ ಹೀಗೆ ಎಂದು ಆಮೇಲೆ ತಿಳಿಯಿತು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾಗುವ ಹೊತ್ತಿಗೆ ಅವರು ಫೋನ್ ಮಾಡುತ್ತಾರೆ, ಇವರಿಬ್ಬರೂ ದ್ವೀಪಕ್ಕೆ ಹೊರಡುತ್ತಾರೆ.

ನನಗೆ ಆಸೆ ಚಿಗುರಿತು. ಇದ್ದಲ್ಲಿಂದಲೇ ಕೇಳಿದೆ, ಉಪ್ಪ ಬರುವ ಸಮಯ ನೋಡಿ ಈಗಲೇ ಬುಕ್ ಮಾಡಿಬಿಡಲಾ ಎಂದು.

ಉಮ್ಮ ಗಾಬರಿಯಾಗಿ ಫೋನನ್ನು ಎದೆಗೆ ಒತ್ತಿ ಹಿಡಿದಳು, ಆ ಕಡೆ ಕೇಳಿಸದಂತೆ.

"ಬೇಡ ಮಗಳೇ," ಎಂದಳು ಮೆಲ್ಲಗೆ. "ಟಿಕೆಟ್ ಮಾಡಿದರೆ ಅವರು ಬರಬೇಕಾಗ್ತದೆ."

ಹೇಳಿ ಮತ್ತೆ ಫೋನನ್ನು ಕಿವಿಗಿಟ್ಟುಕೊಂಡಳು. ವಿಮಾನದಲ್ಲಿ ಕಿಟಕಿಯ ಹತ್ತಿರ ಯಾರು ಕೂರುವುದು ಎಂಬ ಮಾತು ಇನ್ನೂ ಮುಗಿದಿರಲಿಲ್ಲ.